ಕೈಲೆಕ್ಕದ ಒಂದು ಸಾಲು

2 ಜುಲೈ 2007, ಸೋಮವಾರ

ಬ್ಯಾಂಕಿನವರು ಕೊಟ್ಟ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಇವತ್ತು ಬರೆಯುವಂಥದ್ದು ನಡೆಯಿತು.

ಮೀಟಿಂಗಿನಲ್ಲಿ ಎಲ್ಲರೆದುರು ಎದ್ದು ನಿಂತು, "ಆ ಪಟ್ಟಿ ನಾನು ಮಾಡ್ಕೊಡ್ತೀನಿ ಮೇಡಂ, ಹೊರಗಿನವರು ಯಾಕೆ?" ಎಂದುಬಿಟ್ಟೆ. ಹೇಳಿದ್ದು ಸರಿಯೇ. ನಾಗರಭಾವಿಯ ಈ ಸಂಸ್ಥೆಯ ಅಂಕಿಅಂಶ ವಿಭಾಗವನ್ನು ಇಪ್ಪತ್ತೇಳು ವರ್ಷದಿಂದ ನೋಡಿಕೊಂಡಿರುವ ಲಕ್ಷ್ಮೀಪತಿ ನಾನು, ಇನ್ನೂ ಗುಂಡುಕಲ್ಲಿನ ಹಾಗಿದ್ದೇನೆ. ನಾನಿರುವಾಗ ಒಂದು ಪಟ್ಟಿಗಾಗಿ ಕಂಪನಿಯವರನ್ನು ಕರೆಸುವುದೆಂದರೆ ಏನು? ನನ್ನ ಸಹಿ ಬಿದ್ದ ಒಂದು ಕಾಗದವೂ ಈವರೆಗೆ ತಪ್ಪೆಂದು ವಾಪಸ್ ಬಂದಿಲ್ಲ.

ಕೆಲಸ ಹೀಗಿದೆ. ಕೆಂಗೇರಿಯಿಂದ ಮಲ್ಲತ್ತಹಳ್ಳಿಯವರೆಗೆ ಹೊಸದಾಗಿ ಹನ್ನೆರಡು ಅಂಗನವಾಡಿ ತೆರೆಯುತ್ತಾರೆ. ಸಣ್ಣ ಮಕ್ಕಳಿದ್ದೂ ಹತ್ತಿರದಲ್ಲಿ ಅಂಗನವಾಡಿ ಇಲ್ಲದ 5,140 ಮನೆಗಳನ್ನು ನಮ್ಮ ಫೀಲ್ಡಿನವರು ಗುರುತು ಮಾಡಿಕೊಂಡು ಬಂದಿದ್ದಾರೆ. ತೆರೆಯಲು ಆಗುವಂಥ ಜಾಗಗಳು 310. ಪ್ರತಿ ಜಾಗದ ಅರ್ಧ ಕಿಲೋಮೀಟರ್ ಒಳಗೆ ಎಷ್ಟು ಮಕ್ಕಳಿದ್ದಾರೆ ಎಂದು ಲೆಕ್ಕ ಹಾಕಿ, ಹೆಚ್ಚು ಮಕ್ಕಳಿರುವ ಹನ್ನೆರಡು ಜಾಗ ಆರಿಸಿ ಕೊಡಬೇಕು.

ನಿರ್ದೇಶಕಿ ಮಾಲವಿಕಾ ನಗುತ್ತಲೇ ಹೇಳಿದರು: "ಇಪ್ಪತ್ತನೇ ತಾರೀಕು ಬೆಳಗ್ಗೆ ಇಲಾಖೆಗೆ ಹೋಗ್ಬೇಕು ಲಕ್ಷ್ಮೀಪತಿಯವರೇ. ಆಗ್ಲಿಲ್ಲ ಅಂದ್ರೆ ನಿಮ್ಮ ವಿಭಾಗ ಮುಚ್ಚಿ ನಿಮ್ಮನ್ನ ಲೈಬ್ರರಿಗೆ ಹಾಕ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ನಿವೃತ್ತಿಗೆ ಎರಡು ವರ್ಷ ಇರುವಾಗ ಪುಸ್ತಕಕ್ಕೆ ಸೀಲು ಒತ್ತುತ್ತಾ ಕೂರುವುದೇ? ನೋಡೋಣ.

5 ಜುಲೈ, ಗುರುವಾರ

ಪ್ರೋಗ್ರಾಂ ಬರೆದಾಯಿತು. ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಹೌದು, ಒಂದೇ ಅಕ್ಷರದ ಹೆಸರು. ಪುಕ್ಕಟೆಯಾಗಿ ಸಿಗುತ್ತದೆ. ಅದರ ಕೈಪಿಡಿಯನ್ನು ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿಟ್ಟುಕೊಂಡಿದ್ದೇನೆ.

1984ರಲ್ಲೇ ಬೇಸಿಕ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಕಲಿತ ಕೈ ಇದು. ಒಂದು ಮನೆ ತೆಗೆದುಕೋ, ಮೊದಲ ಜಾಗಕ್ಕೆ ದೂರ ಅಳೆ, ಕೋಷ್ಟಕದಲ್ಲಿ ಬರೆ. ಎರಡನೆಯ ಜಾಗಕ್ಕೆ ಅಳೆ, ಬರೆ. ಮುನ್ನೂರ ಹತ್ತೂ ಮುಗಿದ ಮೇಲೆ ಮುಂದಿನ ಮನೆ. ಹೀಗೆ ಸುತ್ತಿ ಸುತ್ತಿ ಅದೇ ಕೆಲಸ ಮಾಡಿಸುವುದಕ್ಕೆ ಲೂಪು ಎನ್ನುತ್ತಾರೆ; ನನ್ನದು ಲೂಪಿನೊಳಗೆ ಇನ್ನೊಂದು ಲೂಪು. ಎಷ್ಟು ಅಚ್ಚುಕಟ್ಟೆಂದರೆ ಯಾರಾದರೂ ಓದಿದರೆ ಸಾಕು, ಅರ್ಥವಾಗುತ್ತದೆ.

ಹನ್ನೊಂದು ಗಂಟೆಗೆ ಓಡಿಸಿದೆ. ಸಂಜೆ ಐದೂವರೆಗೆ 1,112 ಮನೆ ಆಗಿತ್ತು. ಆರಕ್ಕೆ ಸರಿಯಾಗಿ ಅಟೆಂಡರ್ ಮುನಿಯಣ್ಣ ಬಂದು ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟ.

"ಮುನಿಯಣ್ಣ, ಇವತ್ತೊಂದಿನ ಬಿಟ್ಬಿಡಪ್ಪ. ರಾತ್ರಿಯೆಲ್ಲಾ ಓಡ್ಲಿ."

"ಅಯ್ಯೋ ಸಾರ್, ಸ್ಟೋರ್ ರೂಮಲ್ಲಿ ವೈರ್ ಹೊತ್ಕೊಂಡ್ ಮೇಲೆ ಮೇಡಂ ಆರ್ಡರ್ ಆಗಿದೆ. ಆರ್ ಗಂಟೆಗೆ ಎಳೀಲಿಲ್ಲ ಅಂದ್ರೆ ನನ್ ಕೆಲ್ಸ ಹೋಯ್ತು ಅಂತ್ಲೇ ಲೆಕ್ಕ."

ಎಳೆದೇಬಿಟ್ಟ. ಆದಷ್ಟು ಲೆಕ್ಕವನ್ನು ನಾನು ಕಂಪ್ಯೂಟರಿನಲ್ಲಿ ಉಳಿಸಿಕೊಂಡಿರಲಿಲ್ಲ. 1,112 ಮನೆಯೂ ನೀರಿನಲ್ಲಿ ಹೋಮ.

6 ಜುಲೈ, ಶುಕ್ರವಾರ

ದಿನಾ ಸಂಜೆ ಐದೂವರೆಗೆ ನಿಲ್ಲಿಸಿ, ಆದಷ್ಟನ್ನು ಉಳಿಸಿ, ಮರುದಿನ ಅಲ್ಲಿಂದಲೇ ಮುಂದುವರಿಸುವ ಏರ್ಪಾಡು ಮಾಡಿದ್ದೇನೆ. ಸೋಮವಾರದಿಂದ ಓಡಿಸಿದರೆ ಐದು ದಿನದ ಬಾಬತ್ತು. ಹದಿಮೂರಕ್ಕೆ ಮುಗಿಯುತ್ತದೆ, ಒಂದು ವಾರ ಉಳಿಯುತ್ತದೆ. ಲೆಕ್ಕ ಹಾಕುವವನಿಗೆ ದಿನ ಲೆಕ್ಕ ಹಾಕುವುದು ಕಷ್ಟವೇ?

12 ಜುಲೈ, ಗುರುವಾರ

ನಾಲ್ಕು ಸಾವಿರ ಮನೆ ದಾಟಿತ್ತು. ನಾಳೆ ಮುಗಿಯುತ್ತಿತ್ತು. ಅಷ್ಟರಲ್ಲಿ ಬಂದಳು, ಫೀಲ್ಡಿನ ಹೆಂಗಸು. ದಾನಮ್ಮ ಎಂದು ಹೆಸರು. ಗದಗದ ಕಡೆಯವಳು, ಮಲ್ಲತ್ತಹಳ್ಳಿಯಲ್ಲಿ ಮನೆ. ಮನೆಮನೆ ಅಲೆದು ಲೆಕ್ಕ ಬರೆದುಕೊಂಡು ಬರುವುದು ಅವಳ ಕೆಲಸ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಳು.

"ಸಾರ, ನಿಮ್ಮ ನಕ್ಷೆದಾಗ ಒಂದು ಅಂಗನವಾಡಿ ಜಾಗ ಕೆರಿ ನಡುವ ಬಂದೈತ್ರಿ."

"ಏನಮ್ಮ ಹಾಗಂದ್ರೆ?"

"ಮಲ್ಲತ್ತಹಳ್ಳಿ ಕೆರಿ ನೀರಾಗ ಐತ್ರಿ ಅದು. ಕೂಸುಗಳು ಈಜಿ ಹೋಗಬೇಕಾಕ್ಕೈತಿ."

ವಿಚಾರಿಸಿದರೆ, ಮನೆ ಗುರುತಿಸಿದ ಜಿಪಿಎಸ್ ಯಂತ್ರದ ಸೆಟ್ಟಿಂಗೇ ಬೇರೆ, ಜಾಗ ಗುರುತಿಸಿದ ಯಂತ್ರದ ಸೆಟ್ಟಿಂಗೇ ಬೇರೆ ಇತ್ತಂತೆ. ಮುನ್ನೂರ ಹತ್ತು ಜಾಗಗಳೂ ಒಂದಿಷ್ಟು ನೂರು ಮೀಟರು ಸರಿದು ಕೂತಿವೆ. ಅಂದರೆ ನನ್ನ ನಾಲ್ಕು ದಿನದ ಲೆಕ್ಕ ಪೂರ್ತಿ ಕಸದ ಬುಟ್ಟಿಗೆ.

ಅವಳ ಮೇಲೆ ರೇಗಿದೆ. ಯಂತ್ರ ಹಿಡಿದದ್ದು ಅವಳಲ್ಲ, ಗೊತ್ತು. ಆದರೂ ಸುದ್ದಿ ತಂದವಳು ಅವಳೇ ತಾನೆ.

13 ಜುಲೈ, ಶುಕ್ರವಾರ

ಜಾಗಗಳ ಗುರುತು ಸರಿಪಡಿಸಿಕೊಂಡು ಮತ್ತೆ ಮೊದಲಿನಿಂದ. ಮಧ್ಯಾಹ್ನ ಮೂರು ತಾಸು ಕರೆಂಟಿಲ್ಲ. ಯುಪಿಎಸ್ ಇಪ್ಪತ್ತು ನಿಮಿಷ ಕೂಗಿ ಸತ್ತಿತು. 540 ಮನೆ. ಇನ್ನುಳಿದ ದಿನದಲ್ಲಿ ಆಗುವುದಿಲ್ಲ.

14 ಜುಲೈ, ಎರಡನೇ ಶನಿವಾರ

ಮನೆಯಲ್ಲಿ ಕೂತರೆ ಅನಂತಲಕ್ಷ್ಮಿ, "ರೀ, ಮುಖ ಹಾಗೆ ಗಂಟು ಹಾಕ್ಕೊಂಡು ನನ್ ಅಡುಗೆಮನೇಲಿ ಓಡಾಡ್ಬೇಡಿ, ಹಾಲು ಒಡೆದೋಗುತ್ತೆ" ಎಂದಳು. ಬಸವೇಶ್ವರನಗರದಿಂದ ನಡೆದೇ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋದೆ. ನನ್ನ ಹೈಸ್ಕೂಲಿನ ಗೆಳೆಯ ತಮ್ಮಣ್ಣ ಅಲ್ಲೊಂದು ಪ್ರೆಸ್ ಶಾಪಿನಲ್ಲಿ ಫೋರ್‌ಮನ್.

"ಏನೋ ಪತಿ, ಇಂಗು ತಿಂದ ಮಂಗನ್ ಥರ ಕಾಣ್ತಿದೀಯ?" ಎಂದ. ಸ್ಟೂಲು ಎಳೆದು ಕೂರಿಸಿ ಟೀ ತರಿಸಿದ.

ಎದುರಿಗೆ ಪವರ್ ಪ್ರೆಸ್ ನಡೆಯುತ್ತಿತ್ತು. ತಗಡಿನ ಹಾಳೆ ಒಳಗೆ ಹೋಗುತ್ತದೆ, ಧಡ್ ಎಂದು ಒಂದು ಏಟು, ವಾಷರುಗಳು ಗಲಗಲ ಡಬ್ಬಿಗೆ ಬೀಳುತ್ತವೆ.

"ಮುಂಚೆ ಒಂದೊಂದಾಗಿ ಹೊಡೀತಿದ್ವಿ ಕಣೋ," ಎಂದ ತಮ್ಮಣ್ಣ. "ಬೆಳಗ್ಗಿಂದ ಸಾಯಂಕಾಲದ ತನಕ. ಈಗ ನಾನೇ ಇಪ್ಪತ್ತು ಅಚ್ಚಿನ ಡೈ ಮಾಡಿದೀನಿ. ಹಾಳೆಗೆ ಹಾಳೆ ಒಂದೇ ಏಟು, ಇಪ್ಪತ್ತು ಪೀಸು."

ಟೀ ಲೋಟ ಕೈಯಲ್ಲೇ ಉಳಿಯಿತು. ಹಾಳೆಗೆ ಹಾಳೆ! ಒಂದು ಮನೆ, ಒಂದು ಜಾಗ ಎಂದು ನಾನ್ಯಾಕೆ ಒಂದೊಂದಾಗಿ ಹೊಡೆಯುತ್ತಿದ್ದೇನೆ? ಕೈಪಿಡಿಯಲ್ಲಿ ಇಡೀ ಕೋಷ್ಟಕವನ್ನೇ ಒಟ್ಟಿಗೆ ಲೆಕ್ಕ ಹಾಕುವ ಮ್ಯಾಟ್ರಿಕ್ಸ್ ಎಂಬ ಅಧ್ಯಾಯವೇ ಇದೆ, ಕಾಲೇಜು ಹುಡುಗರಿಗೆ ಇರಬೇಕೆಂದು ಹಾರಿಸಿದ್ದೆ.

ತಮ್ಮಣ್ಣ ಇನ್ನೂ ಹೇಳುತ್ತಲೇ ಇದ್ದ: "ಆದ್ರೆ ಒಂದು ವಿಷ್ಯ. ಡೈ ಒಂದು ಕೂದಲೆಳೆ ಸರಿದಿದ್ರೆ ಇಪ್ಪತ್ತೂ ಸ್ಕ್ರ್ಯಾಪು, ಅದೂ ಒಂದೇ ಏಟಿಗೆ. ಅದಕ್ಕೇ ಮೊದಲ್ನೇ ಪೀಸು ಗೇಜ್ ಇಟ್ಟು ಅಳತೆ ನೋಡ್ದೆ ನಾನು ಎರಡನೇ ಏಟು ಹಾಕಕ್ಕೆ ಬಿಡಲ್ಲ." ಅವನಿಗೆ ಮೊದಲಿಂದಲೂ ಮಾತು ಜಾಸ್ತಿ. ನಾನು ಎದ್ದು ಬಂದೆ.

16 ಜುಲೈ, ಸೋಮವಾರ

ನಾಲ್ಕು ಸೆಕೆಂಡು.

ಇನ್ನೊಮ್ಮೆ ಬರೆಯುತ್ತೇನೆ. ನಾಲ್ಕು ಸೆಕೆಂಡು! ಐದು ದಿನದ ಕೆಲಸ!

ತೂತು ಹೊಡೆದ ಕಂಪ್ಯೂಟರ್ ಕಾರ್ಡು, ಕ್ಯಾಲ್ಕುಲೇಟರು, ಬೇಸಿಕ್ಕು, ಎಲ್ಲ ನೋಡಿದ ಈ ಕಣ್ಣಿಗೂ ಮೊದಲು ನಂಬಿಕೆ ಬರಲಿಲ್ಲ. ಎಂಟರ್ ಒತ್ತಿದೆ, ಕನ್ನಡಕ ಒರೆಸಿಕೊಂಡೆ, ಮುಗಿದಿತ್ತು. ಯಂತ್ರ ಕೆಟ್ಟಿತೇನೋ ಎಂದು ಮತ್ತೆ ಒತ್ತಿದೆ. ಮತ್ತೂ ನಾಲ್ಕೇ ಸೆಕೆಂಡು. "ಭಲೇ!" ಎಂದು ಕೂಗಿಬಿಟ್ಟೆನಂತೆ. ಮುನಿಯಣ್ಣ ಶಾಕ್ ಹೊಡೀತೇನೋ ಎಂದು ಓಡಿ ಬಂದ.

ಹೇಗೆ ಮಾಡಿದೆ ಎಂದರೆ, ಔಟರ್ ಎಂಬ ಒಂದು ಆಜ್ಞೆ ಇದೆ. ಎಲ್ಲ ಮನೆಗಳನ್ನೂ ಎಲ್ಲ ಜಾಗಗಳನ್ನೂ ಒಟ್ಟಿಗೆ ಕೊಟ್ಟರೆ ದೂರಗಳ ಇಡೀ ಹಾಳೆ ಒಂದೇ ಏಟಿಗೆ ಬೀಳುತ್ತದೆ. ನಮ್ಮ ವಿಭಾಗದ ಹಾಳೆಯ ಕ್ರಮದಲ್ಲೇ ಇಟ್ಟೆ: ಜಾಗಗಳು ಮೇಲಿನಿಂದ ಕೆಳಕ್ಕೆ, ಮನೆಗಳು ಎಡದಿಂದ ಬಲಕ್ಕೆ. ಅರ್ಧ ಕಿಲೋಮೀಟರ್ ಒಳಗಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅದಕ್ಕೆ ಮನೆಗಳ ಮಕ್ಕಳ ಸಂಖ್ಯೆ ಗುಣಿಸಿ ಸಾಲು ಕೂಡಿಸಿದೆ. ಲೂಪೇ ಇಲ್ಲ!

ಸಹಿ ಹಾಕುವ ಮುಂಚೆ ಒಂದು ಸಾಲನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಬೇಕು ಎಂಬ ಪದ್ಧತಿ ನಮ್ಮ ವಿಭಾಗದಲ್ಲಿದೆ. ನಾನೇ ತಂದದ್ದು. ಕೈಲೆಕ್ಕದ ಸಾಲು ಇಲ್ಲದ ಹಾಳೆಯನ್ನು ಎಷ್ಟು ಜನರ ಮುಖಕ್ಕೆ ವಾಪಸ್ ಎಸೆದಿದ್ದೇನೋ. ಅದು ಹೊಸಬರಿಗಾಗಿ. ಇವತ್ತು ಬೇಕೆನಿಸಲಿಲ್ಲ.

ಪಟ್ಟಿಯ ಮೂಲೆಗೆ ಸಹಿ ಹಾಕಿ ಮಾಲವಿಕಾ ಮೇಡಂ ಟೇಬಲಿಗೆ ಇಟ್ಟೆ. ಅವರು ಎದ್ದು ನಿಂತು ಕೈ ಕುಲುಕಿದರು. ಮನೆಯಲ್ಲಿ ಕೇಸರಿಬಾತ್. "ಸಾಕು ಬೀಗಿದ್ದು, ಷರ್ಟಿನ ಗುಂಡಿ ಕಿತ್ತೋಗುತ್ತೆ" ಎಂದಳು ಅನಂತಲಕ್ಷ್ಮಿ. ಎರಡನೇ ಸಲ ಬಡಿಸಿದ್ದೂ ಅವಳೇ.

17 ಜುಲೈ, ಮಂಗಳವಾರ

ಸಂಸ್ಥೆಯವರೆಲ್ಲ ನೋಡಲು ಬಂದರು. ಏಳು ಸಲ ಓಡಿಸಿ ತೋರಿಸಿದೆ. ಮೇಡಂ ಇಲಾಖೆಗೆ ಫೋನ್ ಮಾಡಿ ಪಟ್ಟಿ ಸಿದ್ಧ ಎಂದರಂತೆ. ನನ್ನ ಹೆಸರನ್ನೂ ಹೇಳಿದರಂತೆ.

18 ಜುಲೈ, ಬುಧವಾರ

ಆ ದಾನಮ್ಮ ಮತ್ತೆ ಬಂದಳು. ನೋಟಿಸ್ ಬೋರ್ಡಿನಲ್ಲಿ ಹಾಕಿದ್ದ ಪಟ್ಟಿಯ ಪ್ರತಿಯನ್ನು ಪೂರ್ತಿ ಓದಿ ಬಂದಿದ್ದಾಳೆ! ಕೈಯಲ್ಲಿ ತನ್ನ ಫೀಲ್ಡ್ ನೋಟ್‌ಬುಕ್ಕು.

"ಸಾರ, ಎಂಬತ್ತೆಂಟನೇ ಜಾಗಕ್ಕ ಅರವತ್ತೊಂದು ಕೂಸು ಅಂತ ಬರದೀರಿ. ಆ ಕಾಂಪೌಂಡ್ ಮನಿ ಸಾಲಿನ್ಯಾಗ ನಾನ ಅಡ್ಡಾಡೀನ್ರಿ. ಮೂವತ್ತೆಂಟು ಮನಿ, ಮನಿಗೊಂದ ಕೂಸು. ನಾಯಿ ಸೇರ್ಸಿ ಎಣಿಸಿದ್ರೂ ಅರವತ್ತೊಂದು ಆಗಂಗಿಲ್ರಿ."

"ಯಂತ್ರ ಎಣಿಸಿರೋದಮ್ಮ ಇದು. ನೀನು ನೋಟ್‌ಬುಕ್ಕಲ್ಲಿ ಬರ್ಕೊಂಡಂಗಲ್ಲ."

"ಆ ನೋಟ್‌ಬುಕ್ಕಿಂದನ ಅಲ್ಲೇನ್ರಿ ಯಂತ್ರಕ್ಕ ಹಾಕಿದ್ದು?"

ನನಗೆ ಮೈಯೆಲ್ಲ ಉರಿಯಿತು. ಅವಳು ಬಿಡಲಿಲ್ಲ.

"ಕೆರಿಯಾಚೆ ಖಾಲಿ ಬಿದ್ದ ಪಂಪ್‌ಹೌಸ್ ಐತಲ್ರಿ, ಇನ್ನೂರ ಹದಿನೇಳನೇ ಜಾಗ. ಸುತ್ತ ಬರೇ ಶೆಡ್ಡು. ನಮ್ಮ ಕಡೆಯಿಂದ ಗಾರೆ ಕೆಲಸಕ್ಕ ಬಂದಾವರು. ಇಪ್ಪತ್ತೇಳು ಮನಿ, ಮನಿಗೆ ಮೂರು ಕೂಸು ಅಂತ ಹಿಡೀರಿ. ನಿಮ್ಮ ಪಟ್ಟ್ಯಾಗ ನಲವತ್ತ ಅಂತೈತಿ. ಹಂಗಾಗಿ ಆ ಜಾಗ ಹನ್ನೆರಡರಾಗ ಬಂದಿಲ್ರಿ. ಅಲ್ಲಿ ಅಕ್ಕವ್ವ ಅನ್ನಾಕಿ ಮೂರು ಕೂಸು ಒಳಗ ಹಾಕಿ, ಹೊರಗಿಂದ ಚಿಲಕ ಹಾಕ್ಕೊಂಡು ಕೆಲಸಕ್ಕ ಹೋಗ್ತಾಳ್ರಿ. ಕಿಟಕ್ಯಾಗ ಕೈ ಹಾಕಿ ನನಗ ಟಾಟಾ ಮಾಡ್ತಾವ."

"ಇಪ್ಪತ್ತೇಳು ವರ್ಷ ಆಯ್ತಮ್ಮ ನಾನು ಲೆಕ್ಕ ಮಾಡಕ್ಕೆ ಶುರು ಮಾಡಿ. ಹೋಗು, ನಿನ್ ಕೆಲ್ಸ ನೋಡ್ಕೋ" ಎಂದೆ.

ಹೋದಳು. ನೋಟ್‌ಬುಕ್ಕನ್ನು ನನ್ನ ಟೇಬಲ್ಲಿನ ಮೇಲೆ ಬಿಟ್ಟು ಹೋಗಿದ್ದಾಳೆ. ಬೇಕೆಂದೇ ಬಿಟ್ಟಿರಬೇಕು.

ಊಟ ಸೇರಲಿಲ್ಲ. ಹುಳಿಗೆ ಉಪ್ಪು ಕಮ್ಮಿ ಎಂದು ರೇಗಿದೆ. ಉಪ್ಪು ಸರಿಯಾಗಿಯೇ ಇತ್ತು.

19 ಜುಲೈ, ಗುರುವಾರ

ಬೆಳಗ್ಗೆ ಎಂಟಕ್ಕೇ ಆಫೀಸಿಗೆ ಹೋದೆ. ಆಷಾಢದ ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. ಬಾಗಿಲು ಹಾಕಿ, ನೋಟ್‌ಬುಕ್ ತೆರೆದು, ಇನ್ನೂರ ಹದಿನೇಳನೆಯ ಸಾಲನ್ನು ಕೈಯಲ್ಲಿ ಮಾಡಿದೆ. ಅವಳ ಬರವಣಿಗೆ ಅಕ್ಷರಕ್ಕೆ ಅಕ್ಷರ ಸ್ಪಷ್ಟ. ಮನೆಯ ನಂಬರು, ಯಜಮಾನನ ಹೆಸರು, ಮಕ್ಕಳು ಎಷ್ಟು, ಪ್ರತಿಯೊಂದರ ಹೆಸರು, ವಯಸ್ಸು. ಪಂಪ್‌ಹೌಸಿನ ಸುತ್ತ ಇಪ್ಪತ್ತೇಳು ಮನೆ. ಒಂದೊಂದರ ದೂರವನ್ನೂ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದೆ. ಇಪ್ಪತ್ತೇಳೂ ಅರ್ಧ ಕಿಲೋಮೀಟರಿನ ಒಳಗೇ ಇವೆ.

ಮಕ್ಕಳು ಎಂಬತ್ಮೂರು. ನನ್ನ ಪಟ್ಟಿಯಲ್ಲಿ ನಲವತ್ತು.

ಮೂರು ಸಲ ಕೂಡಿಸಿದೆ. ಎಂಬತ್ಮೂರೇ.

ತಪ್ಪು ಸಿಗಲು ಒಂದು ಗಂಟೆ ಬೇಕಾಯಿತು. ನಮ್ಮ ಹಾಳೆಯಲ್ಲಿ ನಾವು ಎಡದಿಂದ ಬಲಕ್ಕೆ ತುಂಬುತ್ತೇವೆ. ಇಪ್ಪತ್ತೇಳು ವರ್ಷ ಹಾಗೇ ತುಂಬಿದ್ದೇನೆ. ಆರ್ ಮೇಲಿನಿಂದ ಕೆಳಕ್ಕೆ ತುಂಬುತ್ತದೆ. ನಾನು ಮಕ್ಕಳ ಸಂಖ್ಯೆ ಗುಣಿಸು ಎಂದಾಗ ಅದು ಮೊದಲ ಮನೆಯ ಮಕ್ಕಳನ್ನು ಮೊದಲ ಜಾಗಕ್ಕೆ ಕೊಟ್ಟು, ಎರಡನೆಯ ಮನೆಯ ಮಕ್ಕಳನ್ನು ಅದರ ಕೆಳಗಿನ ಜಾಗಕ್ಕೆ ಕೊಟ್ಟು, ಹಾಗೇ ಕೆಳಗಿಳಿಯುತ್ತಾ ಹೋಗಿದೆ. ಯಾರ ಮಕ್ಕಳೋ ಯಾರ ಮನೆಗೋ. ಸಂಖ್ಯೆಗಳು ಶೇಷವಿಲ್ಲದೆ ಹೊಂದಿಕೊಂಡದ್ದರಿಂದ ಯಂತ್ರ ಒಂದು ಎಚ್ಚರಿಕೆಯ ಮಾತನ್ನೂ ಆಡಿಲ್ಲ. ನನ್ನ ಪೆದ್ದು ಲೂಪು ಐದು ದಿನ ತೆಗೆದುಕೊಂಡರೂ ಈ ತಪ್ಪು ಮಾಡುತ್ತಿರಲಿಲ್ಲ. ಈ ಸಲ ಹದಿನಾರು ಲಕ್ಷ ಚೌಕವನ್ನು ಒಂದೇ ಏಟಿಗೆ ಕೆಡಿಸಿದ್ದೆ. ತಮ್ಮಣ್ಣನ ಮಾತು ಆಗ ಕಿವಿಗೆ ಬಿತ್ತು, ಐದು ದಿನ ತಡವಾಗಿ.

ತಿದ್ದುವುದು ಹತ್ತು ನಿಮಿಷದ ಕೆಲಸ. ಮನೆಗಳನ್ನು ಕೆಳಕ್ಕೆ, ಜಾಗಗಳನ್ನು ಅಡ್ಡಕ್ಕೆ ತಿರುಗಿಸಿ ಇಟ್ಟರಾಯಿತು. ಪಟ್ಟಿ ಇನ್ನೂ ಮೇಡಂ ಕೋಣೆಯಲ್ಲೇ ಇತ್ತು. ಮುನಿಯಣ್ಣನ ಕೈಲಿ ಅಲ್ಲೂ ಬೋರ್ಡಿನಲ್ಲೂ ಸದ್ದಿಲ್ಲದೆ ಕಾಗದ ಬದಲಾಯಿಸಿ ಇಡಬಹುದಿತ್ತು. ಆ ಯೋಚನೆ ಬಂತು ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬಂತು. ಆಮೇಲೆ ನೋಟ್‌ಬುಕ್ಕಿನಲ್ಲಿ ಅಕ್ಕವ್ವನ ಮನೆಯ ಸಾಲು ಕಂಡಿತು: ಅಮೀನಪ್ಪ ಐದು, ಮುತ್ತವ್ವ ಮೂರು, ಅರುಣ ಒಂದೂವರೆ. ಎದ್ದು ಹೋದೆ.

"ಮೇಡಂ, ನನ್ ಪಟ್ಟಿ ತಪ್ಪು."

ಮಾಲವಿಕಾ ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇಲಾಖೆಗೆ ಹೇಳ್ಬಿಟ್ಟಿದೀನಲ್ಲ ಲಕ್ಷ್ಮೀಪತಿಯವರೇ!"

"ಸಂಜೆ ಒಳಗೆ ಸರಿ ಪಟ್ಟಿ ಕೊಡ್ತೀನಿ. ಕೈಲೆಕ್ಕದ ಸಾಲು ಮಾಡ್ದೆ ಸಹಿ ಹಾಕ್ಬಿಟ್ಟೆ. ನನ್ನದೇ ಪದ್ಧತಿ, ನಾನೇ ಮುರಿದೆ."

"ನಿಮಗೆ ಹೇಗೆ ಗೊತ್ತಾಯ್ತು?"

"ನನಗೆ ಗೊತ್ತಾಗ್ಲಿಲ್ಲ. ದಾನಮ್ಮ ಹಿಡಿದ್ರು. ನಿನ್ನೆನೇ ಹೇಳಿದ್ರು, ನಾನೇ ಬೈದು ಕಳಿಸ್ದೆ."

ಮೇಡಂ ಪೆನ್ನು ಮತ್ತೆ ಕೈಗೆತ್ತಿಕೊಂಡರು. "ಸರಿ, ಹೋಗಿ. ಅವರನ್ನೂ ಕರ್ಕೊಳ್ಳಿ" ಎಂದರು.

ದಾನಮ್ಮನವರು ಮಲ್ಲತ್ತಹಳ್ಳಿಯಲ್ಲಿ ಫೀಲ್ಡಿನಲ್ಲಿದ್ದರು. ಆಟೋ ಹಿಡಿದು ನಾನೇ ಹೋದೆ. ಕೆರೆ ಏರಿಯ ಮೇಲೆ ಸಿಕ್ಕರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ನೋಟ್‌ಬುಕ್ ಮುಂದೆ ಹಿಡಿದು, "ಎಂಬತ್ಮೂರು" ಎಂದಷ್ಟೇ ಬಂತು.

"ಅದನ್ನ ಹೇಳಿದ್ದೆ ನೋಡ್ರಿ ನಾ" ಎಂದು ನಕ್ಕರು. ಅಷ್ಟೇ. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ತಿದ್ದಿದ್ದನ್ನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದೆ. ನಾಲ್ಕು ಸೆಕೆಂಡು. ಇನ್ನೂರ ಹದಿನೇಳನೇ ಜಾಗಕ್ಕೆ ಯಂತ್ರ ಬರೆದದ್ದು 83. ಎಂಬತ್ತೆಂಟನೇ ಜಾಗಕ್ಕೆ 38. ದಾನಮ್ಮನವರು ಪರದೆಯ ಮೇಲೆ ಬೆರಳಿಟ್ಟು ಓದಿದರು. "ಈಗ ನಮ್ಮೂರ ಲೆಕ್ಕ ಆತ್ರಿ" ಎಂದರು. ಅವರು ಹೇಳಿದ ಇನ್ನೂ ನಾಲ್ಕು ಸಾಲು ಕೈಯಲ್ಲಿ ಮಾಡಿದೆವು. ಅವರು ನೋಟ್‌ಬುಕ್ ಓದಿದರು, ನಾನು ಗುಂಡಿ ಒತ್ತಿದೆ. ನಾಲ್ಕೂ ತಾಳೆಯಾದವು. ಪ್ರತಿ ಸಲ ತಾಳೆಯಾದಾಗಲೂ ಅವರು "ಹೌದ್ರಿ!" ಎನ್ನುತ್ತಿದ್ದರು. ಸೋಮವಾರದ "ಭಲೇ"ಗಿಂತ ಇದೇ ಹೆಚ್ಚು ಖುಷಿ ಕೊಟ್ಟಿತು. ಯಾಕೋ ಗೊತ್ತಿಲ್ಲ.

20 ಜುಲೈ, ಶುಕ್ರವಾರ

ಬೆಳಗ್ಗೆ ಹತ್ತಕ್ಕೆ ಪಟ್ಟಿ ಹೋಯಿತು. ಪಂಪ್‌ಹೌಸು ಹನ್ನೆರಡರಲ್ಲಿ ಐದನೆಯದು.

ತಪ್ಪು ಪಟ್ಟಿಯನ್ನು ಹರಿದು ಹಾಕಲಿಲ್ಲ. ನೋಟಿಸ್ ಬೋರ್ಡಿನಿಂದ ತೆಗೆದು, ನನ್ನ ಟೇಬಲ್ಲಿನ ಎದುರು ಗೋಡೆಗೆ ಅಂಟಿಸಿದೆ. ಮೂಲೆಯಲ್ಲಿ ನನ್ನ ಸಹಿ ಇದೆ. ಕೆಳಗೆ ಕೆಂಪು ಶಾಯಿಯಲ್ಲಿ "ಕೈಲೆಕ್ಕದ ಸಾಲು ಮಾಡಿಲ್ಲ" ಎಂದು ಬರೆದೆ. ಮುನಿಯಣ್ಣ ನೋಡಿ, "ಯಾರ್ ಸಾರ್ ಇದನ್ನ ಮಾಡಿದ್ದು?" ಎಂದ. "ನಾನೇ ಕಣಪ್ಪ" ಎಂದೆ.

3 ಆಗಸ್ಟ್, ಶುಕ್ರವಾರ

ಎರಡು ವಾರ ಬರೆಯಲಾಗಲಿಲ್ಲ, ಕೆಲಸ. ಲೈಬ್ರರಿಯ ಮಾತು ಮತ್ತೆ ಬಂದಿಲ್ಲ. ವಿಭಾಗಕ್ಕೆ ಇನ್ನೊಂದು ಕುರ್ಚಿ ಕೇಳಿದ್ದೆ, ಬಂದಿದೆ. ದಾನಮ್ಮನವರು ವಾರಕ್ಕೆ ಎರಡು ದಿನ ಅಲ್ಲಿ ಕೂರುತ್ತಾರೆ. ಕ್ಯಾಲ್ಕುಲೇಟರಿನಲ್ಲಿ ನನಗಿಂತ ಬೆರಳು ಚುರುಕು, ಒಪ್ಪಿಕೊಳ್ಳಬೇಕು.

ಇಲಾಖೆಯವರು ಬುಧವಾರ ಪಂಪ್‌ಹೌಸ್ ನೋಡಲು ಬಂದಿದ್ದರಂತೆ. ಬಾಗಿಲಿಗೆ ಬಣ್ಣ ಹೊಡೆಸಿ ಮುಂದಿನ ತಿಂಗಳು ಶುರು ಮಾಡುತ್ತಾರೆ. "ಅಕ್ಕವ್ವ ನಿಮ್ಮ ಹೆಸರ ಕೇಳಿದ್ಲ್ರಿ" ಎಂದರು ದಾನಮ್ಮನವರು. "ಯಾಕೆ?" ಎಂದೆ. "ಇಷ್ಟು ಕೂಸು ಎಣಿಸಿದಾವರು ಯಾರಂತ." ನೀವೇ ತಾನೆ ಎಣಿಸಿದ್ದು ಎಂದೆ.

ಇವತ್ತು ಕೆಂಗೇರಿಯ ಹೊಸ ಪಟ್ಟಿ ಮುಗಿಯಿತು. ಮೂರು ಸೆಕೆಂಡು. ಎಂಟರ್ ಒತ್ತಿ ಹಾಳೆಯನ್ನು ದಾನಮ್ಮನವರ ಮುಂದೆ ಸರಿಸಿದೆ. ಅವರು ಕೈಲೆಕ್ಕದ ಸಾಲು ಮಾಡಿ, ತಾಳೆ ನೋಡಿ, ಮೂಲೆಯಲ್ಲಿ ತಮ್ಮ ಹೆಸರು ಬರೆದರು. ದಾ ಅಕ್ಷರ ಸ್ವಲ್ಪ ದೊಡ್ಡದಾಯಿತು. ಅದರ ಕೆಳಗೆ ನಾನು ಸಹಿ ಹಾಕಿದೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಸಹಿ ಎರಡನೆಯದಾಗಿ ಬಿದ್ದದ್ದು ಇದೇ ಮೊದಲು.

ಅನಂತಲಕ್ಷ್ಮಿಗೆ ತೋರಿಸಲು ಒಂದು ಜೆರಾಕ್ಸ್ ತೆಗೆಸಿಕೊಂಡು ಬಂದಿದ್ದೇನೆ.